ಇಳಿವಯಸ್ಸಿನ ಒಂದು ವರ್ಷಕ್ಕೆ ಎಷ್ಟು ತೂಕ?

ವಿಶ್ವಬ್ಯಾಂಕ್ 1993ರ ತನ್ನ ಅಭಿವೃದ್ಧಿ ವರದಿಯನ್ನು ಆರೋಗ್ಯಕ್ಕೇ ಮೀಸಲಿಟ್ಟಿತ್ತು. ಯಾವ ಕಾಯಿಲೆ ಎಷ್ಟು ಆರೋಗ್ಯವಂತ ವರ್ಷಗಳನ್ನು ಕಸಿಯುತ್ತದೆ ಎಂದು ಅಳೆಯುವ ‘ಡ್ಯಾಲಿ’ ಎಂಬ ಮಾಪನ ಆ ವರದಿಯ ಮೂಲಕ ದೇಶದೇಶಗಳ ಆರೋಗ್ಯ ಇಲಾಖೆಗಳನ್ನು ತಲುಪಿತು. ಆ ಲೆಕ್ಕದಲ್ಲಿ ಎಲ್ಲ ವರ್ಷಗಳೂ ಸಮವಲ್ಲ. ಇಪ್ಪತ್ತೈದರ ಪ್ರಾಯದ ಒಂದು ವರ್ಷಕ್ಕೆ ಎಲ್ಲಕ್ಕಿಂತ ಹೆಚ್ಚು ತೂಕ. ಅಲ್ಲಿಂದ ಇಳಿಯುತ್ತಾ ಬಂದು, ಎಪ್ಪತ್ತರ ಹೊತ್ತಿಗೆ ಅದರ ಅರ್ಧಕ್ಕೂ ಕಡಿಮೆ. ದುಡಿಯುವ ಪ್ರಾಯದವರನ್ನು ನಂಬಿಕೊಂಡೇ ಮಕ್ಕಳೂ ಮುದುಕರೂ ಬದುಕುತ್ತಾರಲ್ಲ ಎಂಬುದು ಅದಕ್ಕೆ ಕೊಟ್ಟ ಸಮರ್ಥನೆ. ಅರ್ಥಶಾಸ್ತ್ರಜ್ಞರಾದ ಸುಧೀರ್ ಆನಂದ್ ಮತ್ತು ಕಾರಾ ಹ್ಯಾನ್ಸನ್ 1997ರಲ್ಲಿ ಇದನ್ನು ಕಟುವಾಗಿ ವಿಮರ್ಶಿಸಿದರು. ಆದರೂ ವಯಸ್ಸಿನ ತೂಕವನ್ನು ಪೂರ್ತಿಯಾಗಿ ಕೈಬಿಟ್ಟದ್ದು 2010ರ ಜಾಗತಿಕ ರೋಗಹೊರೆ ಅಧ್ಯಯನದಲ್ಲಿ. ಹಿರಿಯರ ಆರೈಕೆಯ ನೀತಿಪ್ರಶ್ನೆಗಳು ಬೆಳೆದು ಬಂದ ಬಗೆಯನ್ನು ನೋಡುವಾಗ ನನ್ನನ್ನು ಹೆಚ್ಚು ಕಾಡುವುದು ಈ ಪ್ರಸಂಗವೇ. ಯಾರಿಗೂ ಕೇಡು ಬಯಸದ ವಿದ್ವಾಂಸರು, ಸದುದ್ದೇಶದಿಂದಲೇ, ಒಂದು ಸೂತ್ರದೊಳಗೆ ಹಿರಿಯರನ್ನು ಹಗುರ ಮಾಡಿದ್ದರು.

ಇದಕ್ಕೆ ತದ್ವಿರುದ್ಧವಾದ ಪಾಠವನ್ನು ಲಂಡನ್ನಿನ ವೈದ್ಯೆ ಮಾರ್ಜೊರಿ ವಾರೆನ್ 1930ರ ದಶಕದಲ್ಲೇ ಕಲಿಸಿದ್ದರು. ವೆಸ್ಟ್ ಮಿಡ್ಲ್‌ಸೆಕ್ಸ್ ಆಸ್ಪತ್ರೆ ಪಕ್ಕದ ಬಡವರ ಶುಶ್ರೂಷಾಲಯವನ್ನು ವಹಿಸಿಕೊಂಡಾಗ ನೂರಾರು ವೃದ್ಧರು ಅವರ ಪಾಲಿಗೆ ಬಂದರು. ವರ್ಷಗಟ್ಟಲೆ ಹಾಸಿಗೆ ಬಿಟ್ಟೇಳದವರು, ‘ವಾಸಿಯಾಗದವರು’ ಎಂದು ಬದಿಗಿಟ್ಟವರು. ವಾರೆನ್ ಒಬ್ಬೊಬ್ಬರನ್ನೂ ಹೊಸದಾಗಿ ಪರೀಕ್ಷಿಸಿದರು, ಅವರವರ ತೊಂದರೆಗೆ ತಕ್ಕಂತೆ ಬೇರೆ ಮಾಡಿದರು, ವಾರ್ಡಿಗೆ ಬೆಳಕು ತಂದರು, ಎದ್ದು ನಡೆಯುವ ಅಭ್ಯಾಸ ಮಾಡಿಸಿದರು. ಎಷ್ಟೋ ಜನ ಮನೆಗೆ ಮರಳಿದರು. ಅವರನ್ನು ಹಾಸಿಗೆಗೆ ಕಟ್ಟಿಹಾಕಿದ್ದು ಮುಪ್ಪಿಗಿಂತ ಹೆಚ್ಚಾಗಿ ಅಸಡ್ಡೆ. ಬ್ರಿಟನ್ನಿನ ವೃದ್ಧವೈದ್ಯ ಶಾಸ್ತ್ರಕ್ಕೆ ಬುನಾದಿ ಬಿದ್ದದ್ದು ಇಲ್ಲಿ.

1980ರ ದಶಕದಲ್ಲಿ ಅಮೆರಿಕದಲ್ಲಿ ಆಸ್ಪತ್ರೆ ಖರ್ಚು ಏರಿದಂತೆ ಪ್ರಶ್ನೆಯ ದಿಕ್ಕೂ ಬದಲಾಯಿತು. ಸಹಜ ಆಯುಷ್ಯ ಕಳೆದವರ ಜೀವ ಹಿಗ್ಗಿಸುವ ದುಬಾರಿ ಚಿಕಿತ್ಸೆಗೆ ಸರ್ಕಾರ ಹಣ ಸುರಿಯಬಾರದು ಎಂದು ತತ್ವಚಿಂತಕ ಡೇನಿಯಲ್ ಕ್ಯಾಲಹನ್ 1987ರಲ್ಲಿ ವಾದಿಸಿದರು. ನೋವು ನಿವಾರಣೆಯನ್ನೂ ದೀರ್ಘಕಾಲದ ಆರೈಕೆಯನ್ನೂ ಮಾತ್ರ ಯಾರಿಗೂ ತಪ್ಪಿಸಕೂಡದು ಎಂದು ಅವರೇ ಒತ್ತಿ ಹೇಳಿದ್ದರು. ಆ ಅರ್ಧ ಭಾಗ ಚರ್ಚೆಯಲ್ಲಿ ಹಿಂದೆ ಸರಿಯಿತು. ಮರುವರ್ಷ ಇನ್ನೊಬ್ಬ ತತ್ವಚಿಂತಕ ನಾರ್ಮನ್ ಡೇನಿಯಲ್ಸ್ ಬೇರೆ ಹಾದಿ ಹಿಡಿದರು: ಕಿರಿಯರು, ಹಿರಿಯರು ಎಂಬ ಎರಡು ಬಣಗಳಿಲ್ಲ, ಎಲ್ಲರೂ ಎಲ್ಲ ವಯಸ್ಸನ್ನೂ ಹಾಯುವವರೇ, ಹಾಗಾಗಿ ಇಡೀ ಬದುಕಿಗೆ ಸಂಪನ್ಮೂಲವನ್ನು ಹೇಗೆ ಹಂಚಿಕೊಳ್ಳುತ್ತೇವೆ ಎಂದು ಕೇಳಿಕೊಳ್ಳಬೇಕು ಎಂದರು. ಎರಡೂ ವಾದ ಪುಸ್ತಕದಲ್ಲಿ ಸೊಗಸಾಗಿವೆ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಇಟಲಿಯ ತೀವ್ರ ನಿಗಾ ಘಟಕಗಳು ತುಂಬಿ ತುಳುಕಿದಾಗ ಅಲ್ಲಿನ ಅರಿವಳಿಕೆ ತಜ್ಞರ ಸಂಘ, ದಾಖಲಾತಿಗೆ ವಯಸ್ಸಿನ ಮಿತಿ ಹಾಕಬೇಕಾಗಿ ಬರಬಹುದು ಎಂದು ಬರೆಯಿತು. ಬ್ರಿಟನ್ನಿನ ಕೆಲವು ಆರೈಕೆ ಮನೆಗಳಲ್ಲಿ ಹೃದಯ ನಿಂತರೆ ಪುನಶ್ಚೇತನ ಬೇಡ ಎಂಬ ಆದೇಶಗಳನ್ನು, ಒಳಗಿದ್ದವರನ್ನು ಕೇಳದೆಯೇ, ದಾಖಲಿಸಿದ್ದು ಆಮೇಲೆ ತನಿಖೆಗೆ ಒಳಗಾಯಿತು. ಪುಸ್ತಕದಲ್ಲಿದ್ದ ಪ್ರಶ್ನೆ ಆಗ ಹಿರಿಯರ ಹಾಸಿಗೆಯ ಬಳಿಗೇ ಬಂದಿತ್ತು.

ಭಾರತದಲ್ಲಿ ಚರ್ಚೆ ಶುರುವಾದದ್ದು ಕರ್ತವ್ಯದ ಭಾಷೆಯಲ್ಲಿ. 1999ರ ಹಿರಿಯರ ರಾಷ್ಟ್ರೀಯ ನೀತಿಯ ಬಳಿಕ 2007ರ ಕಾಯ್ದೆ ಬಂತು. ಹೆತ್ತವರನ್ನು ನೋಡಿಕೊಳ್ಳದ ಮಕ್ಕಳಿಂದ ಜೀವನಾಂಶ ಕೊಡಿಸುವ ಅಧಿಕಾರ ಅದರಡಿ ರಚನೆಯಾದ ನ್ಯಾಯಮಂಡಳಿಗಳದು. ಆಸ್ತಿ ಬರೆಸಿಕೊಂಡು ಹೊರಹಾಕಿದ ಮಗನ ಎದುರು ಇದು ಬೇಕೇ ಬೇಕಾದ ಆಯುಧ. ಆದರೆ ಲಕ್ವ ಹೊಡೆದ ಮಾವನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವ ಸೊಸೆಗೆ ಈ ಕಾಯ್ದೆಯಲ್ಲಿ ಏನಿದೆ? ಕುಟುಂಬ ನೋಡಿಕೊಳ್ಳುತ್ತದೆ ಎಂದು ಸರ್ಕಾರ ಹೇಳುವಾಗ, ನಿದ್ದೆಗೆಟ್ಟು ನೋಡಿಕೊಳ್ಳುವವರು ಸಾಮಾನ್ಯವಾಗಿ ಮನೆಯ ಹೆಂಗಸರು. ನಮ್ಮ ಸಾರ್ವಜನಿಕ ಆರೋಗ್ಯ ನೀತಿಯ ದೊಡ್ಡ ಅನ್ಯಾಯ ಇದೇ ಎಂದು ನನ್ನ ಖಚಿತ ಅಭಿಪ್ರಾಯ. 2010–11ರಲ್ಲಿ ಹಿರಿಯರ ಆರೋಗ್ಯಕ್ಕೆಂದೇ ರಾಷ್ಟ್ರೀಯ ಕಾರ್ಯಕ್ರಮ ಬಂತು, 2024ರಲ್ಲಿ ಎಪ್ಪತ್ತು ದಾಟಿದ ಎಲ್ಲರಿಗೂ ಆಯುಷ್ಮಾನ್ ಭಾರತ್ ವಿಸ್ತರಿಸಿತು. ಆ ವಿಮೆ ಇರುವುದು ಆಸ್ಪತ್ರೆಗೆ ದಾಖಲಾದವರಿಗೆ. ಮನೆಯ ಮಂಚದ ಮೇಲಿನ ವರ್ಷಗಳು ಅದರ ಲೆಕ್ಕಕ್ಕಿಲ್ಲ.

ಆ ಮಂಚದ ತನಕ ಹೋದವರು ಕೇರಳದವರು. 1993ರಲ್ಲಿ ಕೋಯಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಎಂ.ಆರ್. ರಾಜಗೋಪಾಲ್ ಮತ್ತು ಸಂಗಡಿಗರು ಕಟ್ಟಿದ ಉಪಶಾಮಕ ಆರೈಕೆಯ ಸಂಘ, ಮುಂದೆ ಊರೂರಿನ ಸ್ವಯಂಸೇವಕರ ಜಾಲವಾಗಿ ಹಬ್ಬಿತು. 2008ರಲ್ಲಿ ಕೇರಳ ಸರ್ಕಾರ ಅದನ್ನು ರಾಜ್ಯದ ನೀತಿಯನ್ನಾಗಿಸಿತು. ಅಲ್ಲೀಗ ಪಂಚಾಯಿತಿಯ ದುಡ್ಡಿನಲ್ಲಿ ನರ್ಸ್ ಮನೆಗೇ ಬರುತ್ತಾರೆ. ಬೆನ್ನಿನ ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಾರೆ, ಮೂತ್ರದ ನಳಿಕೆ ಬದಲಿಸುತ್ತಾರೆ, ಅವೆರಡನ್ನೂ ಮನೆಯವರಿಗೆ ಕಲಿಸುತ್ತಾರೆ. ಪಾಶ್ಚಾತ್ಯ ಗ್ರಂಥಗಳು ಯಾರಿಗೆ ಚಿಕಿತ್ಸೆ ನಿಲ್ಲಿಸಬೇಕು ಎಂದು ವಾದಿಸುತ್ತಿದ್ದ ಹೊತ್ತಿನಲ್ಲಿ, ಯಾರಿಗೆ ಆರೈಕೆ ಇನ್ನೂ ತಲುಪಿಲ್ಲ ಎಂದು ಕೇಳಿದ್ದು ಈ ಚಳವಳಿ. ಈ ಕ್ಷೇತ್ರಕ್ಕೆ ನಮ್ಮ ಕಡೆಯಿಂದ ಸಂದ ದೊಡ್ಡ ಕೊಡುಗೆ ಇದು.

ಕರ್ನಾಟಕ ಈಚೆಗೆ ಎರಡು ಹೆಜ್ಜೆ ಇಟ್ಟಿದೆ. ಘನತೆಯ ಸಾವೂ ಬದುಕುವ ಹಕ್ಕಿನ ಭಾಗ ಎಂದ ಸುಪ್ರೀಂ ಕೋರ್ಟ್‌ನ 2018ರ ತೀರ್ಪು, 2023ರಲ್ಲಿ ಸಡಿಲಗೊಂಡ ಅದರ ನಿಯಮಗಳು, ಇವನ್ನು ಜಾರಿಗೆ ತರುವ ಆದೇಶ 2025ರ ಜನವರಿಯಲ್ಲಿ ಹೊರಬಿತ್ತು. ಗುಣವಾಗುವ ಆಸೆಯಿಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆ ನಿಲ್ಲಿಸಲು ತಲಾ ಮೂವರು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು. ಇದಕ್ಕೂ ಮೊದಲು, 2024ರಲ್ಲಿ, ಮನೆಬಾಗಿಲಲ್ಲೇ ಬಿಪಿ, ಶುಗರ್ ನೋಡುವ ‘ಗೃಹ ಆರೋಗ್ಯ’ ಯೋಜನೆ ಕೋಲಾರದಲ್ಲಿ ಶುರುವಾಗಿತ್ತು. ಮೊದಲನೆಯದು ವೆಂಟಿಲೇಟರ್ ಇರುವ ಆಸ್ಪತ್ರೆಯವರೆಗೆ ಹೋಗಬಲ್ಲವರಿಗೆ ಸಿಗುವ ಹಕ್ಕು. ಎರಡನೆಯದು ಹಳ್ಳಿಯ ಹೊಸ್ತಿಲು ಮುಟ್ಟುತ್ತದೆ. ಬಿಪಿ ನೋಡಲು ಬಂದವರು ಒಳಗೆ ಮಲಗಿದವರ ಬೆನ್ನನ್ನೂ ನೋಡಲಿ, ಆರೈಕೆ ಮಾಡುವವಳು ಸರಿಯಾಗಿ ಮಲಗಿ ಎಷ್ಟು ದಿನವಾಯಿತು ಎಂದು ಕೇಳಿ ಬರೆದುಕೊಳ್ಳಲಿ. ಮಾದಕವಸ್ತು ಕಾಯ್ದೆಗೆ 2014ರಲ್ಲಿ ಬಂದ ತಿದ್ದುಪಡಿ, ನೋವು ನೀಗುವ ಮಾರ್ಫಿನ್‌ನ ಪರವಾನಗಿಯ ತೊಡಕನ್ನು ಸಡಿಲಿಸಿದೆ. ತಾಲ್ಲೂಕು ಆಸ್ಪತ್ರೆಯ ಔಷಧ ಕಪಾಟಿನಲ್ಲಿ ಆ ಮಾತ್ರೆ ಸದಾ ಇರುವಂತೆ ನೋಡಿಕೊಳ್ಳುವುದು ಇನ್ನು ಇಲಾಖೆಯ ಹೊಣೆ.