ಹಳೇ ಕಾರು, ಸ್ವಂತ ಕೈಕೆಲಸ ಮತ್ತು ಕಲಂ 52: ಮಾಡಿಫಿಕೇಶನ್ ಬಗ್ಗೆ ಗೊತ್ತಿರಬೇಕಾದ್ದು

ನನ್ನ ಹತ್ರ 2002ರ ಒಂದು ಹೋಂಡಾ ಸಿಟಿ ವಿಟೆಕ್ ಇದೆ. ನಾಲ್ಕು ವರ್ಷದ ಹಿಂದೆ ₹1.10 ಲಕ್ಷಕ್ಕೆ ತಗೊಂಡೆ. ಆ ದುಡ್ಡಿಗೆ ಇವತ್ತು ಒಂದು ಒಳ್ಳೇ ಸ್ಕೂಟರ್ ಬರುತ್ತೆ. ಭಾನುವಾರ ಬೆಳಗ್ಗೆ ಬಾನೆಟ್ ಎತ್ತಿಕೊಂಡು ನಿಂತರೆ ನಮ್ಮ ಬೀದಿ ಹುಡುಗರು ಎರಡು ಪ್ರಶ್ನೆ ಕೇಳ್ತಾರೆ. ಒಂದು, "ಅಣ್ಣ, ಎಷ್ಟು ಸ್ಪೀಡ್ ಹೋಗುತ್ತೆ?" ಇನ್ನೊಂದು, "ಪೊಲೀಸ್ರು ಹಿಡಿಯಲ್ವಾ?"

ಎರಡನೆಯದು ಹೆಚ್ಚು ಒಳ್ಳೇ ಪ್ರಶ್ನೆ. ಹಳೇ ಕಾರನ್ನು ಮಾಡಿಫೈ ಮಾಡೋದು ಹೇಗೆ, ಕಾನೂನು ಎಲ್ಲಿ ಅಡ್ಡ ಬರುತ್ತೆ, ಆ ಕಾನೂನು ಯಾರನ್ನು ಕಾಪಾಡ್ತಿದೆ, ಯಾರನ್ನು ಕಾಪಾಡ್ತಿಲ್ಲ ಅನ್ನೋದನ್ನೆಲ್ಲ ಒಂದೇ ಕಡೆ ಇಡೋ ಪ್ರಯತ್ನ ಇದು.

ಈ ಕಾರೇ ಯಾಕೆ?

ಅಮೆರಿಕ, ಜಪಾನ್‌ಗಳಲ್ಲಿ 'ಕಡಿಮೆ ಬೆಲೆಯ ಹಳೇ ಸ್ಪೋರ್ಟ್ಸ್ ಕಾರು' ಅಂದ್ರೆ ಮೊದಲು ನೆನಪಾಗೋದು 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5. ಎರಡು ಸೀಟು, ಹಗುರ ಮೈ, ಹಿಂದಿನ ಚಕ್ರಕ್ಕೆ ಶಕ್ತಿ. ನಮ್ಮಲ್ಲಿ ಅಂಥದ್ದು ಮಧ್ಯಮವರ್ಗದ ಕೈಗೆ ಸಿಗೋ ಬೆಲೆಗೆ ಬರಲೇ ಇಲ್ಲ. ಹಾಗಾಗಿ ಇಲ್ಲಿನ ಹುಡುಗರು ಮನೆಮಂದಿಯ ಕಾರುಗಳಲ್ಲೇ ಸ್ಪೋರ್ಟ್ಸ್ ಕಾರು ಹುಡುಕಿಕೊಂಡರು. ಫಿಯೆಟ್ ಪಾಲಿಯೊ 1.6, ಮಾರುತಿ ಝೆನ್, ಎಸ್ಟೀಮ್, ಮತ್ತೆ ಈ ಸಿಟಿ ವಿಟೆಕ್.

ಸುಮಾರು ಒಂದು ಟನ್ ತೂಕದ ಈ ಕಾರಿನಲ್ಲಿ 1.5 ಲೀಟರಿನ, 106 ಅಶ್ವಶಕ್ತಿಯ ಎಂಜಿನ್ ಇತ್ತು. ವಿಟೆಕ್ ಅಂದ್ರೆ ಮಂತ್ರ ಏನಲ್ಲ. ವಾಲ್ವ್‌ಗಳನ್ನು ತೆರೆಯೋ ಕ್ಯಾಮ್‌ಶಾಫ್ಟ್ ಮೇಲೆ ಎರಡು ಅಳತೆಯ ಉಬ್ಬುಗಳಿರುತ್ತವೆ. ನಿಧಾನಕ್ಕೆ ಓಡಿಸುವಾಗ ಸಣ್ಣ ಉಬ್ಬು ಕೆಲಸ ಮಾಡುತ್ತೆ. ಆರ್‌ಪಿಎಂ ಏರಿದಾಗ ಆಯಿಲ್ ಒತ್ತಡಕ್ಕೆ ಒಂದು ಪಿನ್ ಸರಿದು ದೊಡ್ಡ ಉಬ್ಬು ಕೆಲಸಕ್ಕೆ ಬರುತ್ತೆ. ಆಗ ವಾಲ್ವ್ ಹೆಚ್ಚು ತೆರೆದು, ಹೆಚ್ಚು ಹೊತ್ತು ತೆರೆದೇ ಇದ್ದು, ಎಂಜಿನ್‌ಗೆ ಹೆಚ್ಚು ಗಾಳಿ ಸಿಗುತ್ತೆ. 2003ರಲ್ಲಿ ಇದರ ಜಾಗಕ್ಕೆ ಬಂದ ಹೊಸ ಸಿಟಿಯಲ್ಲಿ 77 ಅಶ್ವಶಕ್ತಿ ಮಾತ್ರ ಇತ್ತು. ಹಳೆಯದಕ್ಕೆ ಇವತ್ತಿಗೂ ಅಭಿಮಾನಿಗಳಿರೋದು ಇದೇ ಕಾರಣಕ್ಕೆ.

ಕೆಲಸದ ಕ್ರಮ: ಎಂಜಿನ್ ಕೊನೆಗೆ

ಎಂಜಿನಿಯರಿಂಗ್ ಓದಿದ ನಾನು ಮೊದಲ ದಿನವೇ ಏರ್ ಫಿಲ್ಟರ್, ಎಗ್ಸಾಸ್ಟ್ ಅಂತ ಪಟ್ಟಿ ಹಿಡಿದು ಶಿವಾಜಿನಗರದ ಗುಜರಿಗೆ ಹೋಗಿದ್ದೆ. ಅಲ್ಲಿದ್ದ ಹಳೇ ಮೆಕ್ಯಾನಿಕ್ ಭಾಯ್ ಪಟ್ಟಿ ನೋಡಿ, "ಸಾರ್, ಗಾಡಿ ಓಡ್ಸೋದು ಆಮೇಲೆ. ಮೊದ್ಲು ನಿಲ್ಸೋದಕ್ಕೆ ಏನ್ ಮಾಡಿದೀರಾ?" ಅಂದ್ರು.

ಅವರು ಹೇಳಿದ್ದು ಶುದ್ಧ ಭೌತಶಾಸ್ತ್ರ. ಚಲಿಸೋ ವಸ್ತುವಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ಗಂಟೆಗೆ 60 ಕಿ.ಮೀ.ನಿಂದ 80ಕ್ಕೆ ಹೋದರೆ ವೇಗ ಏರೋದು ಮೂರನೇ ಒಂದರಷ್ಟು, ಬ್ರೇಕ್ ಅರಗಿಸಿಕೊಳ್ಳಬೇಕಾದ ಶಕ್ತಿ ಏರೋದು ಶೇ 78ರಷ್ಟು. ಆದ್ದರಿಂದ ಕ್ರಮ ಹೀಗಿರಲಿ:

1. ತುಕ್ಕು. ಕಾರು ಕೊಳ್ಳೋ ಮೊದಲೇ ಲಿಫ್ಟ್ ಮೇಲೆ ಏರಿಸಿ ಕೆಳಗಿಂದ ನೋಡಿ. ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ಕೂರೋ ಜಾಗ, ಡಿಕ್ಕಿಯ ನೆಲ ಮುಖ್ಯ. ಎಂಜಿನ್ ರಿಪೇರಿ ಮಾಡಬಹುದು. ಸಸ್ಪೆನ್ಷನ್ ಕೂರೋ ಲೋಹವೇ ಕೊಳೆತಿದ್ದರೆ ಆ ಕಾರು ಬೇಡ.

2. ರಬ್ಬರ್. ಇಪ್ಪತ್ತು ವರ್ಷದ ಕಾರಿನಲ್ಲಿ ಕಿಲೋಮೀಟರ್ ಎಷ್ಟೇ ಕಡಿಮೆ ಇರಲಿ, ರಬ್ಬರಿಗೆ ವಯಸ್ಸಾಗಿರುತ್ತೆ. ಟೈಮಿಂಗ್ ಬೆಲ್ಟ್, ಕೂಲೆಂಟ್ ಹೋಸ್, ಬ್ರೇಕ್ ಹೋಸ್, ಸಸ್ಪೆನ್ಷನ್ ಬುಷ್ ಎಲ್ಲ ಬದಲಿಸಿ. ಬೆಲ್ಟ್ ತುಂಡಾದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯಬಹುದು.

3. ಬ್ರೇಕ್ ಮತ್ತು ಟೈರ್. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತೆ. ತೇವ ಸೇರಿದಷ್ಟೂ ಅದರ ಕುದಿಯೋ ಬಿಂದು ಇಳಿಯುತ್ತೆ. ಘಾಟಿ ಇಳಿಯುವಾಗ ಪೆಡಲ್ ಮೆತ್ತಗಾಗೋಕೆ ಇದೂ ಒಂದು ಕಾರಣ. ಟೈರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತೆ. 2319 ಅಂತಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಅಂತ ಅರ್ಥ. ಗುಜರಿಯ ಹಳೇ ಟೈರು ಎಷ್ಟೇ ಹೊಳೀತಿದ್ದರೂ ತಗೋಬೇಡಿ.

4. ಶಾಕ್ ಅಬ್ಸಾರ್ಬರ್ ಮತ್ತು ಸ್ಪ್ರಿಂಗ್. ಎರಡೂ ಒಂದಕ್ಕೊಂದು ಹೊಂದಬೇಕು. ಯಾಕೆ ಅಂತ ಮುಂದೆ ಹೇಳ್ತೀನಿ, ನನ್ನದೇ ಉದಾಹರಣೆ ಇದೆ.

5. ಎಂಜಿನ್. ಇಷ್ಟಾದ ಮೇಲೂ ದುಡ್ಡು, ಆಸೆ ಎರಡೂ ಉಳಿದಿದ್ದರೆ ನೋಡೋಣ.

ನಾಲ್ಕು ವರ್ಷದಲ್ಲಿ ನನ್ನ ಲೆಕ್ಕ: ಟಿಂಕರಿಂಗ್‌ಗೆ ₹25,000, ಬೆಲ್ಟ್ ಮತ್ತು ಹೋಸ್‌ಗಳಿಗೆ ₹14,000, ಬ್ರೇಕಿಗೆ ₹18,000, ಟೈರಿಗೆ ₹20,000, ಸಸ್ಪೆನ್ಷನ್‌ಗೆ ₹32,000. ಒಟ್ಟು ₹1.09 ಲಕ್ಷ, ಅಂದ್ರೆ ಹೆಚ್ಚುಕಡಿಮೆ ಕಾರಿನ ಬೆಲೆಯಷ್ಟೇ. ಇಷ್ಟು ಸುರಿದು ಎಂಜಿನ್‌ಗೆ ಸೇರಿಸಿದ ಅಶ್ವಶಕ್ತಿ ಸೊನ್ನೆ. ಆದರೆ ಕಾರು ನಾನು ಹೇಳಿದ ಕಡೆ ತಿರುಗುತ್ತೆ, ಹೇಳಿದಾಗ ನಿಲ್ಲುತ್ತೆ.

ಬಿಲ್ ಇಲ್ಲದ ಕೆಲಸ

ಈ ಬುದ್ಧಿ ಮೊದಲೇ ಇರಲಿಲ್ಲ. ಶುರುವಿನಲ್ಲಿ ಕಾರು ತಗ್ಗಿ ಕೂತಿರಬೇಕು ಅನ್ನೋ ಶೋಕಿಗೆ ಒಂದು ವರ್ಕ್‌ಶಾಪಿನಲ್ಲಿ ₹3,000 ಕೊಟ್ಟು ಮುಂದಿನ ಸ್ಪ್ರಿಂಗ್ ಕತ್ತರಿಸಿಸಿದ್ದೆ. ಸ್ಪ್ರಿಂಗ್ ಕತ್ತರಿಸಿದರೆ ಅದು ಗಿಡ್ಡ ಆಗೋದಷ್ಟೇ ಅಲ್ಲ, ಗಡುಸೂ ಆಗುತ್ತೆ. ಹಳೇ ಶಾಕ್ ಅಬ್ಸಾರ್ಬರ್ ಅದನ್ನು ಹಿಡಿದಿಡೋಕೆ ಆಗಲ್ಲ. ಚಕ್ರ ಪೂರ್ತಿ ಕೆಳಗೆ ಇಳಿದಾಗ ಗಿಡ್ಡ ಸ್ಪ್ರಿಂಗ್ ಸಡಿಲಾಗಿ, ಕೂತ ಜಾಗದಿಂದ ಸರಿಯಬಹುದು.

ನಂದಿಬೆಟ್ಟದಿಂದ ಇಳಿಯುವಾಗ ಒಂದು ತಿರುವಿನ ಗುಂಡಿಯಲ್ಲಿ ಹಾಗೇ ಆಯ್ತು. 'ಟಕ್' ಅಂತ ಶಬ್ದ ಬಂತು, ಸ್ಟೇರಿಂಗ್ ಎಡಕ್ಕೆ ಎಳೀತು. ಪಕ್ಕದ ಸೀಟಿನಲ್ಲಿ ನನ್ನ ತಂಗಿ ಇದ್ದಳು. ವೇಗ ಕಡಿಮೆ ಇದ್ದಿದ್ದಕ್ಕೆ ಬಚಾವಾದ್ವಿ. ಮಾರನೇ ದಿನ ವರ್ಕ್‌ಶಾಪಿಗೆ ಹೋಗಿ ಬಿಲ್ ಕೇಳಿದೆ. "ಬಿಲ್ಲಾ? ಇದಕ್ಕೆಲ್ಲ ಯಾರ್ ಸಾರ್ ಬಿಲ್ ಕೊಡ್ತಾರೆ?" ಅಂತ ನಕ್ಕರು.

ಆ ನಗುವಿನಲ್ಲಿ ಇಡೀ ಸಮಸ್ಯೆ ಇದೆ. ಕೆಲಸವೇ ಕಾನೂನುಬಾಹಿರ ಅಂದಮೇಲೆ ಬಿಲ್ ಇಲ್ಲ, ಗ್ಯಾರಂಟಿ ಇಲ್ಲ. ಗ್ರಾಹಕರ ವೇದಿಕೆಗೆ ಹೋಗೋಣ ಅಂದ್ರೆ ತಪ್ಪು ನನ್ನದೂ ಹೌದು. ವಿಮಾ ಕಂಪನಿಗೆ ತಿಳಿಸದ ಬದಲಾವಣೆ ಅಂದ್ರೆ ಕ್ಲೇಮ್ ತಿರಸ್ಕರಿಸೋಕೆ ನಾವೇ ಕೈಯಾರೆ ಕೊಟ್ಟ ನೆಪ.

ಕಾನೂನು ಏನು ಹೇಳುತ್ತೆ?

1988ರ ಮೋಟಾರು ವಾಹನ ಕಾಯ್ದೆಯ ಕಲಂ 52 ಇದರ ಬುಡ. ಆರ್‌ಸಿಯಲ್ಲಿರೋ ವಿವರಗಳು ತಯಾರಕರು ಮೂಲದಲ್ಲಿ ನಮೂದಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ಮಾಲೀಕರು ವಾಹನವನ್ನು ಬದಲಿಸಬಾರದು ಅನ್ನೋದು ಅದರ ಸಾರ. ಕೇರಳ ಹೈಕೋರ್ಟ್ ಇದನ್ನು ಸ್ವಲ್ಪ ಸಡಿಲವಾಗಿ ಓದಿತ್ತು. 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿ, ತಯಾರಕರ ಮೂಲ ವಿವರವೇ ಅಂತಿಮ ಅಂತ ಹೇಳಿತು. ಅದೇ ವರ್ಷ ಸಂಸತ್ತು ಕಾಯ್ದೆಗೆ ತಿದ್ದುಪಡಿ ತಂದು ಕಲಂ 182ಎಯನ್ನು ಬದಲಿಸಿ ಬರೆಯಿತು. ಅನುಮತಿ ಇಲ್ಲದ ಪ್ರತಿ ಬದಲಾವಣೆಗೂ ಮಾಲೀಕರಿಗೆ ₹5,000 ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ.

ಯಾವುದಕ್ಕೆ ದಾರಿ ಇದೆ? ಆರ್‌ಟಿಒ ಒಪ್ಪಿಗೆ ಪಡೆದು ಬಣ್ಣ ಬದಲಿಸಿ ಆರ್‌ಸಿಯಲ್ಲಿ ನಮೂದಿಸಬಹುದು. ಹಾಳಾದ ಎಂಜಿನ್ ಜಾಗಕ್ಕೆ ಅದೇ ಮಾದರಿಯ ಎಂಜಿನ್ ಹಾಕಿಸಬಹುದು. ಅನುಮೋದಿತ ಸಿಎನ್‌ಜಿ, ಎಲ್‌ಪಿಜಿ ಅಥವಾ ಎಲೆಕ್ಟ್ರಿಕ್ ಕಿಟ್ ಅಳವಡಿಸಬಹುದು. ಅಂಗವೈಕಲ್ಯ ಇರುವವರು ತಮಗೆ ಬೇಕಾದಂತೆ ವಾಹನ ಹೊಂದಿಸಿಕೊಂಡು ನಂತರ ಒಪ್ಪಿಗೆ ಪಡೆಯಬಹುದು. ಸವೆದ ಭಾಗಕ್ಕೆ ಅದೇ ಅಳತೆಯ ಹೊಸ ಭಾಗ ಹಾಕೋದು ರಿಪೇರಿ, ಅದಕ್ಕೆ ಯಾರ ಅಪ್ಪಣೆಯೂ ಬೇಡ.

ಯಾವುದಕ್ಕೆ ಇಲ್ಲ? ಚಾಸಿ ಅಥವಾ ಬಾಡಿ ಕತ್ತರಿಸೋದು, ದೊಡ್ಡ ಎಂಜಿನ್ ಕೂರಿಸೋದು, ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತು ಹಾಕೋದು, ಮಿತಿ ಮೀರಿ ಕಿರುಚೋ ಸೈಲೆನ್ಸರ್ ಹಾಕೋದು.

ಇವೆರಡರ ನಡುವೆ ಇರೋ ದೊಡ್ಡ ಬೂದು ಜಾಗದಲ್ಲೇ ಹವ್ಯಾಸಿಗಳೆಲ್ಲ ಇರೋದು. ಮೂಲಕ್ಕಿಂತ ಒಳ್ಳೇ ಶಾಕ್ ಅಬ್ಸಾರ್ಬರ್, ದೊಡ್ಡ ಬ್ರೇಕ್ ಡಿಸ್ಕ್ ಹಾಕಿದರೆ ಅದು ಸುರಕ್ಷತೆಯೋ ಅಪರಾಧವೋ? ಇದನ್ನು ಪರೀಕ್ಷಿಸಿ ಹೌದು ಅಥವಾ ಇಲ್ಲ ಅಂತ ಬರೆದುಕೊಡೋ ಕೌಂಟರ್ ಯಾವ ಆರ್‌ಟಿಒದಲ್ಲೂ ನನಗೆ ಸಿಗಲಿಲ್ಲ. ಕೊನೆಗೆ ತೀರ್ಮಾನ ಆಗೋದು ರಸ್ತೆಯಲ್ಲಿ, ಅವತ್ತು ಗಾಡಿ ನಿಲ್ಲಿಸಿದವರ ಮರ್ಜಿಯ ಮೇಲೆ. ಮರ್ಜಿ ಇದ್ದ ಕಡೆ ಯಾರ ಗಾಡಿ ಮೊದಲು ನಿಲ್ಲುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ.

ಅವರ ಹಳೇ ಕಾರು, ನಮ್ಮ ಹಳೇ ಕಾರು

2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದ ವಾಹನಕ್ಕೆ 'ವಿಎ' ಅಕ್ಷರದ ವಿಶೇಷ ನಂಬರ್ ಪ್ಲೇಟ್. ₹20,000 ಕಟ್ಟಿದರೆ ಹತ್ತು ವರ್ಷದ ನೋಂದಣಿ. ದಿನಬಳಕೆ ಇಲ್ಲ, ಪ್ರದರ್ಶನ, ರ‍್ಯಾಲಿಗಳಿಗೆ ಮಾತ್ರ. ಒಳ್ಳೇ ನಿಯಮವೇ, ಪರಂಪರೆ ಉಳಿಯಲಿ. ಆದರೆ 50 ವರ್ಷದ ಕಾರನ್ನು ಓಡಿಸದೆ ಶೆಡ್‌ನಲ್ಲಿ ಇಟ್ಟುಕೊಳ್ಳೋ ಜಾಗ, ದುಡ್ಡು ಯಾರ ಹತ್ರ ಇದೆ?

ಇಪ್ಪತ್ತರಿಂದ ಐವತ್ತು ವರ್ಷದ ನಡುವಿನ ಕಾರುಗಳು ಅಪ್ಪನ ಮೊದಲ ಕಾರು, ಸೆಕೆಂಡ್ ಹ್ಯಾಂಡ್ ಕಾರು, ಹುಡುಗರು ಕೂಡಿಟ್ಟ ದುಡ್ಡಿನ ಕಾರು. ಇವಕ್ಕೆ ಸಿಕ್ಕಿದ್ದು ಬೇರೆ. ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್‌ನಲ್ಲಿ ₹600ರಿಂದ ₹5,000ಕ್ಕೆ ಏರಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ದಾಟಿದ ಕಾರಿಗೆ ಅದು ₹10,000 ಆಯ್ತು. ನನ್ನ ಸಿಟಿಯ ಸರದಿ 2027ಕ್ಕೆ. ಹಳೇ ಕಾರಿನ ಹೊಗೆ ಹೊಸದಕ್ಕಿಂತ ಹೆಚ್ಚು, ಅದು ನಿಜ. ಹಾಗಾದ್ರೆ ಹೊಗೆ ಅಳೆದು ಶುಲ್ಕ ಹಾಕಲಿ. ವರ್ಷಕ್ಕೆ ಸಾವಿರ ಕಿ.ಮೀ. ಓಡೋ ಕಾರಿಗೂ ದಿನಾ ನೂರು ಕಿ.ಮೀ. ಓಡೋ ಕಾರಿಗೂ ವಯಸ್ಸು ನೋಡಿ ಒಂದೇ ಶುಲ್ಕ ಹಾಕೋದು ಪರಿಸರ ನೀತಿ ಹೇಗಾಗುತ್ತೆ?

ಇನ್ನೊಂದು ವಿಚಿತ್ರ ನೋಡಿ. ಖಾಸಗಿ ಕಾರಿಗೆ ಮೊದಲ 15 ವರ್ಷ ಫಿಟ್‌ನೆಸ್ ತಪಾಸಣೆಯೇ ಇಲ್ಲ. ಎಮಿಷನ್ ಟೆಸ್ಟ್‌ನಲ್ಲಿ ಹೊಗೆ ನೋಡ್ತಾರೆ, ಬ್ರೇಕ್ ಯಾರೂ ನೋಡಲ್ಲ. ಸವೆದ ಬ್ರೇಕಿನ, ಬೋಳು ಟೈರಿನ 'ಒರಿಜಿನಲ್' ಕಾರು ಕಾಗದದ ಮೇಲೆ ಸಲೀಸು. ಮೂಲಕ್ಕಿಂತ ಒಳ್ಳೇ ಬ್ರೇಕ್ ಹಾಕಿಸಿದ ಕಾರಿನ ಮೇಲೆ ಅನುಮಾನ.

ಜರ್ಮನಿಯಲ್ಲಿ ಹೇಗೆ?

ಅಲ್ಲಿಯೂ ಮಾಡಿಫಿಕೇಶನ್ ಮನಬಂದಂತೆ ಇಲ್ಲ, ನಮಗಿಂತ ಕಟ್ಟುನಿಟ್ಟು. ಆದರೆ ಅದಕ್ಕೊಂದು ಬಾಗಿಲು ಇಟ್ಟಿದ್ದಾರೆ. ಸ್ಪ್ರಿಂಗ್, ಚಕ್ರದಂಥ ಭಾಗಗಳು ಯಾವ ಕಾರಿಗೆ ಯಾವ ಷರತ್ತಿನಲ್ಲಿ ಹೊಂದುತ್ತವೆ ಅನ್ನೋ ಪರೀಕ್ಷಾ ವರದಿಯ ಜೊತೆಗೇ ಮಾರಾಟ ಆಗುತ್ತವೆ. ಅಳವಡಿಸಿದ ಮೇಲೆ ಟಿಯುವಿಯಂಥ ಮಾನ್ಯತೆ ಪಡೆದ ಸಂಸ್ಥೆಯ ಎಂಜಿನಿಯರ್ ನೋಡ್ತಾರೆ. ಸರಿ ಇದ್ದರೆ ವಾಹನದ ಕಾಗದಕ್ಕೆ ಸೇರುತ್ತೆ, ಇಲ್ಲದಿದ್ದರೆ ಬಿಚ್ಚಿಡಬೇಕು. ಜೊತೆಗೆ ಎರಡು ವರ್ಷಕ್ಕೊಮ್ಮೆ ಎಲ್ಲ ಖಾಸಗಿ ಕಾರುಗಳ ಬ್ರೇಕ್, ಲೈಟ್, ಸಸ್ಪೆನ್ಷನ್ ತಪಾಸಣೆ. ಅಂಥ ಕಡೆ ನನ್ನ ಕತ್ತರಿಸಿದ ಸ್ಪ್ರಿಂಗ್ ಗೇಟು ದಾಟುತ್ತಿರಲಿಲ್ಲ.

ಸೈಲೆನ್ಸರ್ ಬಗ್ಗೆ ಒಂದು ಮಾತು

ನಮ್ಮೂರುಗಳಲ್ಲಿ ಪೊಲೀಸರು ಸೈಲೆನ್ಸರ್‌ಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸೋ ವಿಡಿಯೊ ನೋಡಿರ್ತೀರಿ. ಹವ್ಯಾಸಿಗಳಿಗೆ ಹೊಟ್ಟೆ ಉರಿಯುತ್ತೆ. ನನಗೆ ಈ ವಿಷಯದಲ್ಲಿ ಪೊಲೀಸರ ಮೇಲೆ ಅಷ್ಟು ಸಿಟ್ಟಿಲ್ಲ. ಒಂದು ಕಾಲದಲ್ಲಿ ನನ್ನ ಕಾರಿನಲ್ಲೂ ಜೋರು ಸದ್ದಿನ ಸೈಲೆನ್ಸರ್ ಇತ್ತು. ಎದುರುಮನೆ ಆಂಟಿ ಒಂದು ಬೆಳಗ್ಗೆ ಬಂದು, "ನಿಮ್ ಕಾರ್ ಸ್ಟಾರ್ಟ್ ಆದ್ರೆ ನಮ್ ಮಗು ಬೆಚ್ಚಿ ಎದ್ದೇಳುತ್ತಪ್ಪ" ಅಂದ್ರು, ಬೈಯಲಿಲ್ಲ. ಅವತ್ತೇ ತೆಗೆಸಿದೆ. ನನ್ನ ಹವ್ಯಾಸದ ಬೆಲೆಯನ್ನು ಪಕ್ಕದ ಮನೆಯವರು ಕಟ್ಟಬೇಕಾಗಿಲ್ಲ.

ಆದ್ದರಿಂದ ನಾವು ಕೇಳಬೇಕಾದ್ದು ಎಲ್ಲವನ್ನೂ ಬಿಟ್ಟುಬಿಡಿ ಅಂತಲ್ಲ, ಬಂದು ತಪಾಸಣೆ ಮಾಡಿ ಅಂತ. ಸದ್ದು, ಹೊಗೆ, ಬ್ರೇಕ್ ಮೂರನ್ನೂ ಅಳೆಯಿರಿ. ಪಾಸಾದ್ದನ್ನು ಆರ್‌ಸಿಯಲ್ಲಿ ಬರೆಯಿರಿ, ಫೇಲಾದ್ದನ್ನು ಕಿತ್ತು ಹಾಕಿಸಿ. ವರ್ಕ್‌ಶಾಪ್‌ಗಳಿಗೆ ಪರವಾನಗಿ ಕೊಟ್ಟು, ಬಿಲ್ ಕಡ್ಡಾಯ ಮಾಡಿ. ನಿಷೇಧದಿಂದ ಮಾಡಿಫಿಕೇಶನ್ ನಿಂತಿಲ್ಲ, ನಿಂತಿರೋದು ಬಿಲ್ ಮತ್ತು ಹೊಣೆಗಾರಿಕೆ ಮಾತ್ರ.

ಅಲ್ಲಿಯವರೆಗೆ ಈ ಹವ್ಯಾಸ ಶುರು ಮಾಡೋರಿಗೆ ನನ್ನ ಸಲಹೆ ಇಷ್ಟೇ. ಮೊದಲ ವರ್ಷ ಕಾರನ್ನು ಮೂಲ ಸ್ಥಿತಿಗೆ ತನ್ನಿ. ಅದು ಪೂರ್ತಿ ಕಾನೂನುಬದ್ಧ, ಕಲಿಯೋಕೂ ಬೇಕಾದಷ್ಟಿದೆ. ಏನೇ ಹಾಕಿಸಿದರೂ ಬಿಲ್ ಕೇಳಿ. ಕೊಡಲ್ಲ ಅಂದ್ರೆ ಆ ಕೆಲಸ ಬೇಡ. ನನ್ನ ತಂಗಿ ಈಗ ಮತ್ತೆ ಆ ಕಾರಿನಲ್ಲಿ ಕೂರ್ತಾಳೆ. ಹೊರಡೋ ಮೊದಲು "ಸ್ಪ್ರಿಂಗ್ ಸರಿ ಇದೆಯಾ?" ಅಂತ ಕೇಳೋದನ್ನು ಮಾತ್ರ ಬಿಟ್ಟಿಲ್ಲ.