ಇಲ್ಲದ ಗೆರೆಯನ್ನು ಕಂಡವರು

1963ರಲ್ಲಿ ಸ್ಕ್ಯಾಂಡಿನೇವಿಯಾದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಕೆಲವೇ ಪುಟಗಳ ಲೇಖನವೊಂದು ಬಂತು. ಬರೆದವರು ಇಬ್ಬರು. ಒಬ್ಬರು ಸ್ವೀಡನ್ನಿನ ಮಾಲ್ಮೋ ನಗರದ ಸಾರ್ವಜನಿಕ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆಯ ವಿಭಾಗ ನಡೆಸುತ್ತಿದ್ದ ಕಾರ್ಲ್-ಬರ್ಟಿಲ್ ಲಾರೆಲ್. ಇನ್ನೊಬ್ಬರು ಆಗಿನ್ನೂ ತರಬೇತಿಯಲ್ಲಿದ್ದ ಯುವ ವೈದ್ಯ ಸ್ಟೆನ್ ಎರಿಕ್ಸನ್. ಸುಮಾರು 1,500 ಸೀರಂ ಪರೀಕ್ಷೆಗಳಲ್ಲಿ ಐದರಲ್ಲಿ ಮಾತ್ರ ಒಂದು ಗೆರೆ ಕಾಣೆಯಾಗಿತ್ತು. ಆ ಐವರಲ್ಲಿ ಮೂವರಿಗೆ ಚಿಕ್ಕ ವಯಸ್ಸಿಗೇ ಎಂಫಿಸೀಮಾ, ಅಂದರೆ ಶ್ವಾಸಕೋಶದ ಗಾಳಿಗೂಡುಗಳು ಹರಿದು ಒಂದಾಗುವ ಕಾಯಿಲೆ, ಅಂಟಿಕೊಂಡಿತ್ತು. ನಾಲ್ಕನೆಯವರ ಮನೆತನದಲ್ಲಿ ಅದು ಇತ್ತು. ಲೇಖನದ ಸಾರ ಇಷ್ಟೇ. ಆದರೆ ಆಲ್ಫಾ-1 ಆಂಟಿಟ್ರಿಪ್ಸಿನ್ ಕೊರತೆ ಎಂದು ಇಂದು ಕರೆಯುವ ಆನುವಂಶಿಕ ರೋಗದ ಚರಿತ್ರೆ ಅಲ್ಲಿಂದಲೇ ಶುರುವಾಗುತ್ತದೆ. ಅಪರೂಪದ ಶ್ವಾಸಕೋಶ ರೋಗಗಳ ಸಂಶೋಧನಾಲಯ ಎಂದೊಡನೆ ನಮಗೆ ನೆನಪಾಗುವುದು ಕೋಟಿಗಟ್ಟಲೆ ಬೆಲೆಯ ಯಂತ್ರಗಳು ಮತ್ತು ಅಪರೂಪವನ್ನೇ ಬೇಟೆಯಾಡಲು ಕುಳಿತ ಮೇಧಾವಿಗಳು. ಚರಿತ್ರೆ ಹೇಳುವುದು ಬೇರೆ. ಈ ವಿದ್ಯೆ ಬೆಳೆದದ್ದು ದಿನನಿತ್ಯದ ಕೆಲಸದ ಮೇಜಿನ ಮೇಲೆ. ಬೆಳೆಸಿದವರು ಲೆಕ್ಕಕ್ಕೆ ಹೊಂದದ ಸಣ್ಣದೊಂದನ್ನು ಕಸವೆಂದು ಬಿಸಾಡದೆ ಎತ್ತಿಟ್ಟುಕೊಂಡವರು.

ಆ ಮೇಜಿನ ಮೇಲೆ ನಡೆಯುತ್ತಿದ್ದದ್ದೇನು ಎಂದು ನೋಡಿದರೆ ಈ ಮಾತು ಸ್ಪಷ್ಟವಾಗುತ್ತದೆ. ರೋಗಿಯ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ಒಣಹುಲ್ಲಿನ ಬಣ್ಣದ ತಿಳಿಯೇ ಸೀರಂ. ದ್ರಾವಣದಲ್ಲಿ ನೆನೆದ ಸೋಸುಕಾಗದದ ಪಟ್ಟಿಯ ಮೇಲೆ ಅದರ ಒಂದು ಹನಿಯನ್ನು ಅಡ್ಡಗೆರೆಯಾಗಿ ಇಟ್ಟು, ಪಟ್ಟಿಯ ಎರಡೂ ತುದಿಗೆ ವಿದ್ಯುತ್ ಹರಿಸಿದರೆ ಪ್ರೊಟೀನುಗಳು ತಮ್ಮ ತಮ್ಮ ವೇಗದಲ್ಲಿ ತೆವಳುತ್ತವೆ. ಗಂಟೆಗಟ್ಟಲೆ ಕಾದು, ಪಟ್ಟಿಯನ್ನು ಒಣಗಿಸಿ, ಬಣ್ಣದಲ್ಲಿ ಅದ್ದಿ, ಹೆಚ್ಚಾದ ಬಣ್ಣವನ್ನು ತೊಳೆದ ಮೇಲೆ ಸಾಲಾಗಿ ಗೆರೆಗಳು ಮೂಡುತ್ತವೆ: ಎಲ್ಲಕ್ಕಿಂತ ಮುಂದೆ ದಪ್ಪನೆಯ ಅಲ್ಬುಮಿನ್, ಅದರ ಹಿಂದೆಯೇ ತೆಳ್ಳನೆಯ ಆಲ್ಫಾ-1, ಆಮೇಲೆ ಆಲ್ಫಾ-2, ಬೀಟಾ, ಕೊನೆಯಲ್ಲಿ ಹೊಗೆ ಹರಡಿದಂಥ ಗಾಮಾ. ಎಲೆಕ್ಟ್ರೋಫೊರೆಸಿಸ್ ಎಂಬ ದೊಡ್ಡ ಹೆಸರಿನ ಕೆಲಸ ಇದೇ. ಇದನ್ನು ಮಾಡಿಸುತ್ತಿದ್ದದ್ದು ಹೆಚ್ಚಾಗಿ ಗಾಮಾ ತುದಿಯಲ್ಲಿನ ಏರುಪೇರನ್ನೋ ಅಲ್ಬುಮಿನ್ ಇಳಿದದ್ದನ್ನೋ ನೋಡಲು. ಆ ಐವರಲ್ಲಿ ಕಾಣೆಯಾಗಿದ್ದ, ನಡುವಿನ ಆಲ್ಫಾ-1 ಎಷ್ಟು ಸಣ್ಣದೆಂದರೆ ದೊಡ್ಡಣ್ಣನ ನೆರಳಲ್ಲಿ ನಿಂತ ತಮ್ಮನ ಹಾಗೆ. ಹೆಚ್ಚಿಗೆ ಬಂದ ಗೆರೆ ತಾನಾಗಿ ಕಣ್ಣಿಗೆ ಹೊಡೆಯುತ್ತದೆ. ಬರಬೇಕಾದ ಗೆರೆ ಬಾರದಿದ್ದರೆ ಗೊತ್ತಾಗುವುದು ಸರಿಯಾದ ಸಾಲು ಕಣ್ಣಲ್ಲಿ ಅಚ್ಚಾದವರಿಗೆ ಮಾತ್ರ. ದಿನವೂ ಅದೇ ಪಟ್ಟಿ ನೋಡುವ ಬೇಸರದ ಕೆಲಸವೇ ಆ ಕಣ್ಣನ್ನು ತಯಾರು ಮಾಡುವುದು.

ಕಂಡದ್ದನ್ನು ರೋಗವಾಗಿ ಗುರುತಿಸಲು ಮಾತ್ರ ಪಟ್ಟಿಯ ಮುಂದಿನ ಕಣ್ಣೊಂದೇ ಸಾಲದು. ಆಲ್ಫಾ-1 ಭಾಗದಲ್ಲಿರುವ ಮುಖ್ಯ ಪ್ರೊಟೀನು ಟ್ರಿಪ್ಸಿನ್ ಎಂಬ ಜೀರ್ಣಕಾರಿ ಕಿಣ್ವವನ್ನು ತಡೆಯುತ್ತದೆ ಎಂಬುದು 1950ರ ದಶಕದ ಮಧ್ಯಕ್ಕೇ ತಿಳಿದಿತ್ತು. ಜರ್ಮನಿಯ ಷುಲ್ಟ್ಸೆ ಮತ್ತು ಸಂಗಡಿಗರು 1962ರಲ್ಲಿ ಅದಕ್ಕೆ ಆಂಟಿಟ್ರಿಪ್ಸಿನ್ ಎಂದು ಹೆಸರನ್ನೂ ಇಟ್ಟಿದ್ದರು. ಹೆಸರಿತ್ತು, ಗುಣ ಗೊತ್ತಿತ್ತು, ಆದರೆ ಅದು ಇಲ್ಲದೆ ಹೋದರೆ ಮನುಷ್ಯನಿಗೆ ಏನಾಗುತ್ತದೆ ಎಂಬ ಪ್ರಶ್ನೆಗೆ ಲ್ಯಾಬಿನೊಳಗೆ ಉತ್ತರವಿರಲಿಲ್ಲ. ಉತ್ತರ ವಾರ್ಡಿನಲ್ಲಿತ್ತು. ಎರಿಕ್ಸನ್ ಆ ಐವರ ಕೇಸುಗಳನ್ನು ತೆಗೆದು, ಎದೆಯ ಎಕ್ಸ್-ರೇ ನೋಡಿ, ಅವರ ಬಂಧುಬಳಗದ ರಕ್ತ ತರಿಸಿ ಪರೀಕ್ಷಿಸುತ್ತ ಹೋದರು. 1965ರಲ್ಲಿ ಅದೇ ವಿಷಯದ ಮೇಲೆ ಅವರ ಮಹಾಪ್ರಬಂಧ ಬಂತು. ಲ್ಯಾಬ್ ಮತ್ತು ವಾರ್ಡು ಒಂದೇ ಆಸ್ಪತ್ರೆಯಲ್ಲಿದ್ದವು, ಅಲ್ಲಿಯವರು ಪರಸ್ಪರ ಮಾತಾಡುತ್ತಿದ್ದರು ಎಂಬುದೇ ಮಾಲ್ಮೋದ ನಿಜವಾದ ಬಂಡವಾಳ.

ಒಗಟಿನ ಇನ್ನೊಂದು ತುಂಡು ಸಿಕ್ಕಿದ್ದು ಬೇರೊಂದೇ ಕಡೆ. ಅಮೆರಿಕದಲ್ಲಿ ಪಾಲ್ ಗ್ರಾಸ್ ಮತ್ತು ಸಂಗಡಿಗರು ಸಿಲಿಕೋಸಿಸ್ ಇರುವ ಮತ್ತು ಇಲ್ಲದ ಇಲಿಗಳ ಶ್ವಾಸಕೋಶಕ್ಕೆ ಪಪೇನ್ ಬಿಟ್ಟು ನೋಡಿದ್ದರು. ಸಿಲಿಕೋಸಿಸ್ ಎಂದರೆ ಕಲ್ಲುಧೂಳು ಕುಡಿದ ಗಣಿ ಕಾರ್ಮಿಕರ ಕಾಯಿಲೆ. ನಮ್ಮ ಕೋಲಾರದ ಚಿನ್ನದ ಗಣಿಯವರಿಗೆ ಚೆನ್ನಾಗಿ ಪರಿಚಯವಿದ್ದದ್ದು. ಪಪೇನ್ ಎಂದರೆ ಪರಂಗಿಕಾಯಿಯ ಹಾಲಿನಲ್ಲಿರುವ ಕಿಣ್ವ. ಮಾಂಸ ಬೇಗ ಬೇಯಲಿ ಎಂದು ಅಡುಗೆಯವರು ಪರಂಗಿಕಾಯಿ ಹಾಕುವುದು ಅದರ ಬಲದಿಂದಲೇ. ಮಾಂಸದ ನಾರು ಸಡಿಲಿಸುವ ಆ ಕಿಣ್ವ ಇಲಿಗಳ ಗಾಳಿಗೂಡುಗಳನ್ನೂ ಹಾಗೆಯೇ ಸಡಿಲಿಸಿತು: ಅವುಗಳಿಗೆ ಎಂಫಿಸೀಮಾ ಬಂತು. ಮಾಲ್ಮೋದ ಪಟ್ಟಿ ಮತ್ತು ಈ ಇಲಿಗಳನ್ನು ಪಕ್ಕಪಕ್ಕ ಇಟ್ಟಾಗ ಕಥೆ ಕೂಡಿಕೊಂಡಿತು. ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಎಲಾಸ್ಟೇಸ್ ಎಂಬ, ಪ್ರೊಟೀನನ್ನು ಕತ್ತರಿಸುವ ಕಿಣ್ವ ಬಿಡುತ್ತವೆ. ಕೆಲಸ ಮುಗಿದ ಮೇಲೆ ಅದಕ್ಕೆ ಕಡಿವಾಣ ಹಾಕುವುದು ಆಂಟಿಟ್ರಿಪ್ಸಿನ್. ಕಡಿವಾಣವಿಲ್ಲದಿದ್ದರೆ ಕಿಣ್ವ ಮನೆಯ ಗೋಡೆಯನ್ನೇ ತಿನ್ನುತ್ತದೆ. ಬೀಡಿ ಸಿಗರೇಟಿನ ಹೊಗೆ ಬಿಳಿ ರಕ್ತಕಣಗಳನ್ನು ಶ್ವಾಸಕೋಶಕ್ಕೆ ಕರೆತರುವುದಲ್ಲದೆ ಇದ್ದಬದ್ದ ಆಂಟಿಟ್ರಿಪ್ಸಿನ್‌ನ ಬಲವನ್ನೂ ಕುಂದಿಸುತ್ತದೆ ಎಂಬುದು ಮುಂದೆ ತಿಳಿದುಬಂತು. ಸಾವಿರದಲ್ಲಿ ಒಬ್ಬರಿಗೂ ಬಾರದ ರೋಗವೊಂದು ಕೋಟ್ಯಂತರ ಧೂಮಪಾನಿಗಳ ರೋಗವನ್ನು ಅರಿಯುವ ಬೀಗದಕೈ ಆಯಿತು.

ಇದೆಲ್ಲ ಅದೃಷ್ಟದ ಮಾತು, ಐದು ಪಟ್ಟಿ ಕೈಗೆ ಸಿಕ್ಕವೆಂದು ಒಂದು ಲ್ಯಾಬನ್ನು ಹೊಗಳುವುದೇಕೆ ಎಂದು ಯಾರಾದರೂ ಕೇಳಬಹುದು. ಅದೃಷ್ಟದ ಪಾಲು ಇತ್ತು ನಿಜ. ಈ ಕೊರತೆಗೆ ಕಾರಣವಾದ ‘ಜ಼ೆಡ್’ ಎಂಬ ವಂಶವಾಹಿ ರೂಪ ಉತ್ತರ ಯುರೋಪಿನವರಲ್ಲೇ ಹೆಚ್ಚು. ಆದರೆ ಆ ಹೊತ್ತಿಗೆ ಕಾಗದದ ಎಲೆಕ್ಟ್ರೋಫೊರೆಸಿಸ್ ಹೊಸತಾಗಿರಲಿಲ್ಲ, ಒಂದು ದಶಕದಿಂದ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿತ್ತು. ಅಂಥ ಪಟ್ಟಿಗಳು ಬೇರೆ ಎಷ್ಟೋ ಕಣ್ಣುಗಳ ಮುಂದೆ ಹಾದುಹೋಗಿರಲೇಬೇಕು; ಬಣ್ಣ ಸರಿಯಾಗಿ ಹಿಡಿದಿಲ್ಲವೆಂದೋ ಸ್ಯಾಂಪಲ್ ಕೆಟ್ಟಿದೆಯೆಂದೋ ಪಕ್ಕಕ್ಕೆ ಸರಿದಿರಬೇಕು. ಅದೃಷ್ಟವೇ ಎಲ್ಲವಾಗಿದ್ದರೆ ಅದು ಒಮ್ಮೆ ಬಂದು ಹೋಗಬೇಕಿತ್ತು. ಮಾಲ್ಮೋದಲ್ಲಿ ಹಾಗಾಗಲಿಲ್ಲ. 1966ರಲ್ಲಿ ಲಾರೆಲ್ ಒಂದೊಂದು ಪ್ರೊಟೀನಿನ ಪ್ರಮಾಣ ಅಳೆಯುವ ಹೊಸ ವಿಧಾನ ತಂದರು. ಜೆಲ್ಲಿನ ಮೇಲೆ ರಾಕೆಟ್ಟಿನ ಆಕಾರದಲ್ಲಿ ಗುರುತು ಮೂಡುವುದರಿಂದ ಅದಕ್ಕೆ ರಾಕೆಟ್ ಎಂದೇ ಹೆಸರಾಯಿತು. 1976ರಲ್ಲಿ ಅಲ್ಲಿನ ಯಾನ್-ಒಲೋಫ್ ಯೆಪ್ಸನ್, ಇಡೀ ಅನಾಹುತಕ್ಕೆ ಕಾರಣ ಪ್ರೊಟೀನಿನ ಸರಪಳಿಯಲ್ಲಿ ಒಂದೇ ಒಂದು ಕೊಂಡಿಯ ಅದಲುಬದಲು, ಗ್ಲುಟಾಮಿಕ್ ಆಮ್ಲದ ಜಾಗದಲ್ಲಿ ಲೈಸೀನ್ ಬಂದದ್ದು ಎಂದು ತೋರಿಸಿದರು. ಒಂದೇ ಕಡೆ ಮತ್ತೆ ಮತ್ತೆ ಬರುವುದಕ್ಕೆ ಅದೃಷ್ಟ ಎನ್ನುವುದಿಲ್ಲ, ಅಭ್ಯಾಸ ಎನ್ನುತ್ತಾರೆ.

ಮಾಲ್ಮೋ ಒಂದೇ ಉದಾಹರಣೆಯಾಗಿದ್ದರೆ ಈ ವಾದಕ್ಕೆ ಬಲವಿರುತ್ತಿರಲಿಲ್ಲ. ಹೆಚ್ಚುಕಡಿಮೆ ಹೆಂಗಸರಿಗಷ್ಟೇ ಬರುವ, ಲ್ಯಾಮ್ ಎಂಬ ಚಿಕ್ಕ ಹೆಸರಿನ ಇನ್ನೊಂದು ಅಪರೂಪದ ಕಾಯಿಲೆಯಿದೆ. ಸ್ನಾಯುವಿನಂಥ ಕೋಶಗಳು ಶ್ವಾಸಕೋಶದಲ್ಲಿ ಬೆಳೆದು ಅದನ್ನು ತೂತುತೂತು ಮಾಡುತ್ತವೆ. ಅದರ ಮೊದಲ ಔಷಧಿಯ ಹಿಂದಿರುವುದು ಅವಿಭಜಿತ ಪಂಜಾಬಿನಲ್ಲಿ ಹುಟ್ಟಿ, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿ, ಕೆನಡಾದ ಮಾಂಟ್ರಿಯಲ್ಲಿನ ಔಷಧಿ ಕಂಪನಿಯ ಲ್ಯಾಬಿನಲ್ಲಿ ದುಡಿಯುತ್ತಿದ್ದ ಸುರೇನ್ ಸೆಹಗಲ್. ಈಸ್ಟರ್ ದ್ವೀಪದಿಂದ ತಂದ ಮಣ್ಣಿನ ಸೂಕ್ಷ್ಮಾಣುವಿನಿಂದ ಅವರ ತಂಡ ಬೇರ್ಪಡಿಸಿದ ರಾಪಾಮೈಸಿನ್ ಶಿಲೀಂಧ್ರನಾಶಕವೆಂದು 1975ರಲ್ಲಿ ವರದಿಯಾಗಿ, ಆಮೇಲೆ ಮೂಲೆ ಸೇರಿತು. 1980ರ ದಶಕದ ಆರಂಭದಲ್ಲಿ ಆ ಲ್ಯಾಬ್ ಮುಚ್ಚಿದಾಗ ಸೆಹಗಲ್ ಸೂಕ್ಷ್ಮಾಣುವಿನ ಕೆಲವು ಸೀಸೆಗಳನ್ನು ಮನೆಗೊಯ್ದು ಫ್ರೀಜರಿನಲ್ಲಿ, ಊಟದ ಸಾಮಾನಿನ ಪಕ್ಕದಲ್ಲಿ, ಇಟ್ಟುಕೊಂಡರು. ಆ ಫ್ರೀಜರಿನಿಂದ ಹೊರಬಂದ ಔಷಧಿ 1999ರಲ್ಲಿ ಮೂತ್ರಪಿಂಡ ಕಸಿಯವರಿಗೆ ಬಳಕೆಗೆ ಬಂತು. ಲ್ಯಾಮ್ ಕೋಶಗಳಲ್ಲಿ ಕೆಟ್ಟಿರುವ ಜೀನು ಯಾವುದೆಂದು 2000ದ ಹೊತ್ತಿಗೆ ಗೊತ್ತಾದಾಗ, ಅದು ಕೆಟ್ಟರೆ ಹುಚ್ಚೆದ್ದು ಓಡುವ ವ್ಯವಸ್ಥೆಯನ್ನು ಇದೇ ಔಷಧಿ ತಡೆಯುತ್ತದೆ ಎಂಬುದು ಹೊಳೆಯಿತು. ಆ ಕೆಲಸಕ್ಕೆ ಬೇಕಾದ ಅಂಗಾಂಶ ಕೊಟ್ಟವರು ರೋಗಿಗಳೇ. ಕಸಿಗಾಗಿ ತೆಗೆದ ತಮ್ಮ ಹಳೆಯ ಶ್ವಾಸಕೋಶವನ್ನು ಅವರು ಸಂಶೋಧನೆಗೆ ಬರೆದುಕೊಟ್ಟರು. 2011ರಲ್ಲಿ ಪ್ರಕಟವಾದ, 89 ಮಹಿಳೆಯರ ಮೇಲಿನ ಪರೀಕ್ಷೆಯಲ್ಲಿ ಔಷಧಿ ತೆಗೆದುಕೊಳ್ಳುತ್ತಿರುವವರೆಗೆ ಉಸಿರಿನ ಶಕ್ತಿ ಕುಸಿಯದೆ ನಿಂತಿತು, ಬಿಟ್ಟ ಮೇಲೆ ಮತ್ತೆ ಇಳಿಯತೊಡಗಿತು. 2015ರಲ್ಲಿ ಅಮೆರಿಕ ಅದಕ್ಕೆ ಮಂಜೂರಾತಿ ಕೊಟ್ಟಿತು. ಸೆಹಗಲ್ 2003ರಲ್ಲೇ ತೀರಿಕೊಂಡಿದ್ದರು. ಮಾಲ್ಮೋದಲ್ಲಿ ಬಿಸಾಡದೆ ಉಳಿದದ್ದು ಪಟ್ಟಿ, ಮಾಂಟ್ರಿಯಲ್‌ನಲ್ಲಿ ಸೀಸೆ, ಗುಣ ಒಂದೇ.

ಅದೃಷ್ಟದ ಮಾತಿಗಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಕಂಡುಹಿಡಿದರೆ ಆಯಿತೇ, ರೋಗಿಗೆ ಸಿಕ್ಕಿದ್ದೇನು ಎಂಬುದು. ಆಂಟಿಟ್ರಿಪ್ಸಿನ್ನನ್ನು ರಕ್ತದಾನಿಗಳ ಪ್ಲಾಸ್ಮಾದಿಂದ ತೆಗೆದು ನಾಳಕ್ಕೆ ಏರಿಸುವ ಚಿಕಿತ್ಸೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 1987ರಲ್ಲಿ, ಅಂದರೆ ಗೆರೆ ಕಾಣೆಯಾದದ್ದು ತಿಳಿದು 24 ವರ್ಷಕ್ಕೆ. ಅದೂ ಜೀವನಪರ್ಯಂತದ, ದುಬಾರಿ ಚಿಕಿತ್ಸೆ. ಹರಿದ ಗಾಳಿಗೂಡನ್ನು ಅದು ಹೊಲಿಯುವುದಿಲ್ಲ. ತಿಳಿವಳಿಕೆ ಸ್ವತಃ ಹೊರೆಯಾದದ್ದೂ ಉಂಟು. 1972ರಿಂದ 1974ರವರೆಗೆ ಸ್ವೀಡನ್ನಿನಲ್ಲಿ ಎರಡು ಲಕ್ಷ ನವಜಾತ ಶಿಶುಗಳ ರಕ್ತ ಪರೀಕ್ಷಿಸಿದಾಗ, ಮುಂದೆಂದೋ ಬರಬಹುದಾದ ರೋಗದ ಸುದ್ದಿ ಕೇಳಿ ತಂದೆತಾಯಂದಿರು ಪಟ್ಟ ಆತಂಕ ಎಷ್ಟಿತ್ತೆಂದರೆ ಆ ತಪಾಸಣೆಯನ್ನೇ ನಿಲ್ಲಿಸಲಾಯಿತು. ಈ ಆಕ್ಷೇಪವನ್ನು ತಳ್ಳಿಹಾಕುವುದು ಪ್ರಾಮಾಣಿಕತೆಯಲ್ಲ. ಆದರೆ ಅದೇ ಮಕ್ಕಳನ್ನು ದಶಕಗಳ ಕಾಲ ನೋಡುತ್ತ ಬಂದ ಟೊಮಾಸ್ ಸ್ವೆಗರ್ ಮತ್ತು ಅವರ ನಂತರದವರಿಗೆ ಕಂಡದ್ದು ಇನ್ನೊಂದು ಮುಖ: ಆ ಮಕ್ಕಳು ಬೆಳೆದು ದೊಡ್ಡವರಾದಾಗ ಅವರಲ್ಲಿ ಸಿಗರೇಟು ಸೇದುವವರು ಓರಗೆಯವರಿಗಿಂತ ಕಡಿಮೆಯಿದ್ದರು, ಸೇದದವರ ಉಸಿರು ಯೌವನದಲ್ಲಿ ಹೆಚ್ಚುಕಡಿಮೆ ಸಹಜವಾಗಿಯೇ ಇತ್ತು. ಔಷಧಿ ಸಿಗುವ ಮೊದಲೇ, ಕಾಸು ಖರ್ಚಿಲ್ಲದ ಒಂದು ಎಚ್ಚರಿಕೆ ಕೆಲವರ ಶ್ವಾಸಕೋಶ ಉಳಿಸಿತು. ಆ ಎಚ್ಚರಿಕೆಯ ಬೇರು ಕಾಗದದ ಪಟ್ಟಿಯಲ್ಲಿತ್ತು.

ನಮ್ಮ ದೇಶಕ್ಕೆ ಇದರಿಂದ ಬರುವ ಪಾಠ, ನಾವೂ ಆಂಟಿಟ್ರಿಪ್ಸಿನ್ ಹುಡುಕಬೇಕು ಎಂಬುದಲ್ಲ. ಆ ‘ಜ಼ೆಡ್’ ರೂಪ ಭಾರತೀಯರಲ್ಲಿ ತೀರಾ ವಿರಳ. ಪಾಠ ಇರುವುದು ಅಪರೂಪದ ರೋಗ ಮೊದಲು ಕಣ್ಣಿಗೆ ಬೀಳುವ ಜಾಗದ ಬಗ್ಗೆ. 2021ರಲ್ಲಿ ಕೇಂದ್ರ ಸರ್ಕಾರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ತಂದಿತು. ಅದರಡಿ ಉತ್ಕೃಷ್ಟತಾ ಕೇಂದ್ರಗಳೆಂದು ಗುರುತಾದವುಗಳಲ್ಲಿ ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರವೂ ಒಂದು. ಒಳ್ಳೆಯದೇ. ಆದರೆ ಅಲ್ಲಿಗೆ ರೋಗಿ ತಲುಪಬೇಕಾದರೆ ಅದಕ್ಕೂ ಮೊದಲು ಯಾವುದೋ ಊರಿನ ಲ್ಯಾಬಿನಲ್ಲಿ ಯಾರೋ ಒಬ್ಬರು ‘ಇದೇಕೋ ಸರಿಯಿಲ್ಲ’ ಎಂದು ತಡೆದು ನಿಲ್ಲಬೇಕು, ಆ ಮಾತು ಡಾಕ್ಟರ ಕಿವಿಗೆ ಬೀಳಬೇಕು. ಸಂಜೆಯೊಳಗೆ ರಿಪೋರ್ಟು ಮುಗಿಸುವುದನ್ನೇ ಕೆಲಸವೆಂದುಕೊಂಡಿರುವ, ತಾನು ನೋಡಿದ ಸ್ಯಾಂಪಲ್ಲಿನ ರೋಗಿ ಏನಾದನೆಂದು ಎಂದೂ ತಿಳಿಯದ ಟೆಕ್ನೀಷಿಯನ್ನಿಂದ ಅದನ್ನು ನಿರೀಕ್ಷಿಸುವುದು ಹೇಗೆ? ಸೀರಂ ಎಲೆಕ್ಟ್ರೋಫೊರೆಸಿಸ್ ಇಂದು ನಮ್ಮ ದೊಡ್ಡ ಆಸ್ಪತ್ರೆಗಳಲ್ಲಿ ಮಾಮೂಲಿ ಪರೀಕ್ಷೆ. ಹೆಚ್ಚಾಗಿ ಮಾಡಿಸುವುದು ಮೈಲೋಮಾ ಎಂಬ ಕ್ಯಾನ್ಸರಿನ ಅನುಮಾನಕ್ಕೆ, ಹಾಗಾಗಿ ಕಣ್ಣೆಲ್ಲ ಗಾಮಾ ತುದಿಯ ಮೇಲೆ. ಅದೇ ರಿಪೋರ್ಟಿನಲ್ಲಿ, ಅಲ್ಬುಮಿನ್‌ನ ಕೆಳಗೆ, ಆಲ್ಫಾ-1 ಎಂಬ ಸಾಲೂ ಅಚ್ಚಾಗಿ ಬರುತ್ತದೆ.