ಗುಡಿಯೊಳಗಿನ ಮುಸುಕಿನ ಜೋಳ

ನಮ್ಮ ದೊಡ್ಡಬಳ್ಳಾಪುರದ ಕಡೆ ಮುಸುಕಿನ ಜೋಳ ಅಂದ್ರೆ ಹಸುಗಳಿಗೆ ಮೇವು, ಮಕ್ಕಳಿಗೆ ಸುಟ್ಟ ತೆನೆ. ಅದರಲ್ಲೊಂದು ಇತಿಹಾಸದ ಒಗಟಿದೆ ಅಂತ ನನಗೆ ಗೊತ್ತಾಗಿದ್ದು ಕೆ.ಎನ್. ಗಣೇಶಯ್ಯನವರ ‘ಕನಕ ಮುಸುಕು’ ಕಾದಂಬರಿಯಿಂದ. ಅವರು ದೇವನಹಳ್ಳಿ ರಸ್ತೆಯ ಜಿಕೆವಿಕೆಯಲ್ಲಿ ಪಾಠ ಹೇಳಿದ ಕೃಷಿ ವಿಜ್ಞಾನಿ.

ಒಗಟು ಇಷ್ಟೇ. ಮುಸುಕಿನ ಜೋಳ ಅಮೆರಿಕ ಖಂಡದ ಬೆಳೆ. ಕೊಲಂಬಸ್ ಅಲ್ಲಿಗೆ ಹೋಗಿದ್ದು 1492ರಲ್ಲಿ. ಸೋಮನಾಥಪುರದ ಹೊಯ್ಸಳ ಗುಡಿಯೋ 13ನೇ ಶತಮಾನದ್ದು. ಆದರೂ ಅಲ್ಲಿನ ಶಿಲ್ಪಗಳ ಕೈಯಲ್ಲಿ ತೆನೆಯಂಥದ್ದೊಂದಿದೆ! ಅದು ಮುಸುಕಿನ ಜೋಳವೇ ಎಂದು 1989ರಲ್ಲಿ ಜೊಹಾನೆಸನ್ ಮತ್ತು ಪಾರ್ಕರ್ ಬರೆದರು. ಅಲ್ಲ, ಅದು ಮುತ್ತುಗಳ ಕಾಲ್ಪನಿಕ ಹಣ್ಣು, ‘ಮುಕ್ತಾಫಲ’ ಎಂದು 1993ರಲ್ಲಿ ಪಾಯಕ್ ಮತ್ತು ಸಚನ್ ಉತ್ತರ ಕೊಟ್ಟರು.

ಕಾದಂಬರಿಕಾರ ಈ ಅನುಮಾನದಿಂದಲೇ ಕಥೆ ಕಟ್ಟಬಹುದು. ಇತಿಹಾಸಕ್ಕೆ ಅಷ್ಟು ಸಾಲದು. ಕಲ್ಲಿನ ಆಕಾರದ ಜೊತೆಗೆ ಆ ಕಾಲದ ಮಣ್ಣಿನ ಪದರದಲ್ಲಿ ಕಾಳೋ ದಿಂಡೋ ಸಿಗಬೇಕು. ಈ ವ್ಯತ್ಯಾಸ ಮರೆತರೆ ಕಾದಂಬರಿಯ ಒಂದು ಪುಟ ನಾಳೆ ವಾಟ್ಸಾಪಿನಲ್ಲಿ ‘ನಿಜವಾದ ಇತಿಹಾಸ’ ಆಗಿಬಿಡುತ್ತೆ.

ಹಾಗಂತ ಓದೋದು ಬಿಡಬೇಡಿ. ಗಣೇಶಯ್ಯನವರು ಕಥೆಯ ನಡುವೆಯೇ ಆಕರಗಳನ್ನು ಕೊಡ್ತಾರೆ, ಅವನ್ನು ಹಾರಿಸದೆ ನೋಡಿ. ಮೊದಲು ‘ಕನಕ ಮುಸುಕು’, ಆಮೇಲೆ ವಿಜಯನಗರದ ಸಂಪತ್ತಿನ ಜಾಡು ಹಿಡಿದ ‘ಕರಿಸಿರಿಯಾನ’. ಪಕ್ಕದಲ್ಲೊಂದು ಪೆನ್ಸಿಲ್ ಇರಲಿ: ದಾಖಲೆ ಇರೋ ಕಡೆ ಗೆರೆ, ಊಹೆ ಇರೋ ಕಡೆ ಪ್ರಶ್ನೆ ಚಿಹ್ನೆ.